ಸತ್ತ ಆಟಗಾರನ ಹಂತ ಎಷ್ಟು?

ಜೇವರ್ಗಿ ತಾಲ್ಲೂಕಿನ ನೆಲೋಗಿ. ಬೇಸಿಗೆ ರಜೆಗೆ ಊರಿಗೆ ಬಂದ ಎಂಜಿನಿಯರಿಂಗ್ ವಿದ್ಯಾರ್ಥಿನಿ ಹಲವರು ಒಟ್ಟಿಗೆ ಆಡುವ ಪಠ್ಯದ ಆಟವೊಂದನ್ನು ಕಟ್ಟುತ್ತಿದ್ದಾಳೆ. ಅದರಲ್ಲಿ ಚಿತ್ರಗಳಿಲ್ಲ. ‘ಉತ್ತರಕ್ಕೆ ನಡೆ’ ಎಂದು ಟೈಪ್ ಮಾಡಿದರೆ ಮುಂದೇನಾಯಿತೆಂಬುದು ಅಕ್ಷರಗಳಲ್ಲೇ ಮೂಡುತ್ತದೆ. ಪಕ್ಕದಲ್ಲಿ ಕೂತವರು ಅವಳ ಕಾಕಾ, ನಿವೃತ್ತ ಗಣಿತ ಮಾಸ್ತರರು.

“ಎಲ್ಲಿ ತಪ್ಪ್ಯಾದವ್ವಾ?”

“ಹಂತದಾಗ್ರಿ ಕಾಕಾ. 1000 ಅನುಭವದ ಅಂಕಕ್ಕ ಎರಡನೇ ಹಂತ, 3000ಕ್ಕ ಮೂರನೇದು. ಒಬ್ಬಾಂವ 900ರಾಗ ಇದ್ದ. ರಾಕ್ಷಸನ್ನ ಕೊಂದ, ಒಮ್ಮೆಲೇ 2500 ಬಂತು. ಒಟ್ಟು 3400. ಆದರೂ ಎರಡನೇ ಹಂತದಾಗೇ ನಿಂತಾನ.”

ಮಾಸ್ತರರು ಕೋಡ್‌ನ ಆ ಸಾಲುಗಳನ್ನು ಓದಿಸಿ ಕೇಳಿದರು. ಅಲ್ಲಿದ್ದದ್ದು ‘ಇಫ್’. ಅದು ಒಮ್ಮೆ ಪರೀಕ್ಷಿಸಿ, ಒಂದು ಹಂತ ಏರಿಸಿ, ಕೆಲಸ ಮುಗಿಸುತ್ತಿತ್ತು.

“ಏರಿದ ಮ್ಯಾಲ ಮತ್ತೊಮ್ಮೆ ಕೇಳಬೇಕಲ್ಲ, ಇನ್ನೂ ಏರೂದದ ಏನು ಅಂತ?”

ಅವಳು ‘ಇಫ್’ ತೆಗೆದು, ಮತ್ತೆ ಮತ್ತೆ ಪರೀಕ್ಷಿಸುವ ‘ವೈಲ್’ ಹಾಕಿದಳು. ಆಟಗಾರ ಮೂರನೇ ಹಂತಕ್ಕೆ ಹೋದ. ಆದರೆ ಮುಂದಿನ ಕಾಳಗದಲ್ಲಿ ಅವನು ಸತ್ತ.

ಇಂಥ ಆಟಗಳ ಮೂಲ 1978ರಲ್ಲಿದೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ‘ಮಡ್’ ಶುರುಮಾಡಿದರು, ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದರು. 1991ರಲ್ಲಿ ಕೋಪನ್‌ಹೇಗನ್‌ನ ಐವರು ವಿದ್ಯಾರ್ಥಿಗಳು ಬಿಡುಗಡೆ ಮಾಡಿದ ‘ಡಿಕುಮಡ್’ ಅನುಭವ ಮತ್ತು ಹಂತಗಳ ಲೆಕ್ಕವನ್ನು ನೂರಾರು ಆಟಗಳಿಗೆ ಹಬ್ಬಿಸಿತು. ಅದರಲ್ಲಿ ಸತ್ತರೆ ಅರ್ಧ ಅನುಭವ ಹೋಗುತ್ತದೆ, ಹಂತ ಇಳಿಯುವುದಿಲ್ಲ. ಹುಡುಗಿ ಅದೇ ನಿಯಮವನ್ನು ಅನುಸರಿಸಿದ್ದಳು.

“3400 ಇದ್ದದ್ದು 1700 ಆಗ್ಯಾದ್ರಿ, ಹಂತ ಮಾತ್ರ 3. ಎರಡರಾಗ ಯಾವುದು ಖರೆ? ಹಂತ ಬರೆದಿಡೂದೇ ಬ್ಯಾಡ. ಅನುಭವ ನೋಡಿ ಪ್ರತಿ ಸಲ ಲೆಕ್ಕ ಹಾಕ್ತೀನಿ.”

“ಹಂತ ಏರಿದಾಗ ಏನು ಕೊಡ್ತಿ?”

“10 ಜೀವಬಿಂದು.”

“ಇಳಿದಾಗ ಕಸ್ಕೋತೀ?”

ಅವಳು ಕೋಡ್ ನೋಡಿದಳು. ಕಸಿದುಕೊಳ್ಳುವ ಸಾಲೇ ಇರಲಿಲ್ಲ. ಅಂದರೆ ಹಂತವನ್ನು ಪ್ರತಿ ಸಲ ಲೆಕ್ಕ ಹಾಕಿದರೆ, ಆಟಗಾರ ಸತ್ತು ಇಳಿದು, ಮತ್ತೆ ಏರಿದಾಗಲೆಲ್ಲ ಹೊಸದಾಗಿ 10 ಸಿಗುತ್ತದೆ. ಸತ್ತಷ್ಟೂ ಅವನು ಗಟ್ಟಿಯಾಗುತ್ತಾನೆ.

ಮಾಸ್ತರರು ಸ್ವಲ್ಪ ಹೊತ್ತು ಯೋಚಿಸಿ ಶಾಲೆಯ ಮಾತು ತೆಗೆದರು. “2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು. ಎಂಟನೇ ಕ್ಲಾಸಿನ ತನಕ ಯಾರನ್ನೂ ಫೇಲ್ ಮಾಡಂಗಿಲ್ಲ ಅಂತು. 2019ರಾಗ ಅದನ್ನ ತಿದ್ದಿ, ಐದು ಮತ್ತ ಎಂಟನೇ ಕ್ಲಾಸಿನಾಗ ನಿಲ್ಲಿಸೂ ಅಧಿಕಾರ ರಾಜ್ಯಗಳಿಗೆ ಕೊಟ್ಟರು. ಏಳನೇ ಕ್ಲಾಸಿನ ಹುಡುಗಗ ಭಾಗಾಕಾರ ಬರ್ತಿರಲಿಲ್ಲ ಅಂದ್ರ ಹಾಜರಿ ಪುಸ್ತಕ ಸುಳ್ಳು ಅಂತಿದ್ದರು. ಅದು ಸುಳ್ಳಲ್ಲ. ‘ಇವನ್ನ ಹಿಂದ ಹಾಕೂದಿಲ್ಲ’ ಅಂತ ನಾವು ಕೊಟ್ಟ ಮಾತು ಅದು. ಭಾಗಾಕಾರ ಬರ್ತದ ಅಂತ ಅದರಾಗ ಎಲ್ಲಿ ಬರದದ?”

“ಮಾತು ಕೊಟ್ಟು ಸುಮ್ಮನಾದರ ಆಗ್ತದೇನ್ರಿ ಕಾಕಾ? ಆ ಹುಡುಗಗ ಭಾಗಾಕಾರ ಬರ್ತದೋ ಇಲ್ಲೋ ಅನ್ನೂದನ್ನೂ ಯಾರಾದರೂ ನೋಡಬೇಕಲ್ಲ?”

“ನೋಡಬೇಕು. ಅದಕ್ಕೇ ಒಂದೇ ಅಂಕಿ ಮ್ಯಾಲ ಎರಡು ಕೆಲಸ ಹೊರಿಸಬ್ಯಾಡ ಅನ್ನಾಕತ್ತೀನಿ. ಕೊಟ್ಟ ಮಾತು ಒಂದು ಕಡೆ ಬರಿ, ಈಗಿನ ಬಲ ಇನ್ನೊಂದು ಕಡೆ.”

ಅವಳು ಹಾಗೆಯೇ ಮಾಡಿದಳು. ‘ಏರಿದ ಗರಿಷ್ಠ ಹಂತ’ ಎಂಬ ಅಂಕಿಯನ್ನು ಬರೆದಿಟ್ಟಳು, ಅದು ಎಂದೂ ಇಳಿಯದು. ‘ಈಗಿನ ಹಂತ’ವನ್ನು ಅನುಭವದಿಂದಲೇ ಲೆಕ್ಕ ಹಾಕಿಸಿದಳು. ಗರಿಷ್ಠ ಹಂತ ಹೆಚ್ಚಿದಾಗ ಮಾತ್ರ ಜೀವಬಿಂದು ಸಿಗುತ್ತದೆ. ಆಮೇಲೆ ಗಡಿಯ ಅಂಕಿಗಳಾದ 999, 1000, 2999, 3000 ಕೊಟ್ಟು ನೋಡಿದಳು. ಆಟಗಾರನನ್ನು ಸಾಯಿಸಿ, ಮತ್ತೆ ಏರಿಸಿಯೂ ನೋಡಿದಳು. ಲೆಕ್ಕ ಸರಿಯಾಗಿತ್ತು.

‘ಇಫ್’ನ ತಪ್ಪು ಯಾರು ನೋಡಿದರೂ ತಪ್ಪೇ. ಸತ್ತವನ ಹಂತ ಇಳಿಯದಿರುವುದು ಹಾಗಲ್ಲ. ಡಿಕುಮಡ್‌ನಲ್ಲಿ ಅದು ನಿಯಮ, ಇನ್ನೊಂದು ಆಟದಲ್ಲಿ ದೋಷವಾದೀತು. ಅದನ್ನು ಕೋಡ್‌ನ ತಪ್ಪು ಹುಡುಕುವ ಡಿಬಗರ್ ಹೇಳಲಾರದು, ಆಟ ಕಟ್ಟುವವರೇ ಹೇಳಬೇಕು. ಆದ್ದರಿಂದ ಇಂಥ ಆಟ ಬರೆಯಲು ಹೊರಟ ವಿದ್ಯಾರ್ಥಿಗಳು ಸತ್ತವನಿಗೆ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂಬುದನ್ನು ಕೋಡ್‌ಗೆ ಕೈಹಾಕುವ ಮೊದಲೇ ಸರಳ ಕನ್ನಡದಲ್ಲಿ ಬರೆದಿಟ್ಟುಕೊಳ್ಳಲಿ.