ಅಲೆಗಳಿಂದ ಕಟ್ಟಿದ ಕರೆ

ಅಜ್ಜಿ ರಾಗಿ ಬೀಸುತ್ತ ಹಾಡಿದ ಹಾಡೊಂದು ಹಳೆಯ ಕ್ಯಾಸೆಟ್ಟಿನಲ್ಲಿ ಉಳಿದಿದೆ. ದೊಡ್ಡಪ್ಪ ಯಾವಾಗಲೋ ಟೇಪ್‌ರೆಕಾರ್ಡರನ್ನು ಪಕ್ಕದಲ್ಲಿಟ್ಟು ಹಿಡಿದದ್ದು. ಅಜ್ಜಿಯ ದನಿಯೆಂದು ನಮ್ಮ ಮನೆಯಲ್ಲಿರುವುದು ಅಷ್ಟೇ. ಧ್ವನಿಯ ಗಣಿತ ಓದುತ್ತಿದ್ದ ನಾನು ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಅಪ್ಪ ಒಂದು ಸಂಜೆ ಮೆಲ್ಲಗೆ ಕೇಳಿದರು: “ಅಮ್ಮ ಒಂದ್ಸಲ ‘ಸೀನಾ’ ಅಂತ ನನ್ನ ಕರೆಯೋ ಹಾಗೆ ಮಾಡೋಕಾಗುತ್ತಾ?”

ಆಗುತ್ತದೆ. ಶಾಖ ಹರಡುವ ಬಗೆಯನ್ನು ಕುರಿತು 1822ರಲ್ಲಿ ಬರೆದ ಪುಸ್ತಕದಲ್ಲಿ ಫ್ರಾನ್ಸಿನ ಜೋಸೆಫ್ ಫೂರಿಯೇ, ಎಂಥ ಅಂಕುಡೊಂಕಿನ ರೇಖೆಯನ್ನೂ ನುಣುಪಾದ ಸೈನ್ ಅಲೆಗಳ ಮೊತ್ತವಾಗಿ ಬರೆಯಬಹುದೆಂದು ವಾದಿಸಿದ. 1986ರಲ್ಲಿ ಅಮೆರಿಕದಲ್ಲಿ ರಾಬರ್ಟ್ ಮೆಕಾಲೆ ಮತ್ತು ಥಾಮಸ್ ಕ್ವಾಟಿಯೇರಿ ಮನುಷ್ಯರ ಮಾತನ್ನೇ ಹೀಗೆ ಬಿಡಿಸಿದರು. ದನಿಯನ್ನು ಕೆಲವೇ ಮಿಲಿಸೆಕೆಂಡುಗಳ ತುಣುಕುಗಳಾಗಿ ನೋಡುವುದು. ಪ್ರತಿ ತುಣುಕಿನಲ್ಲೂ ಎದ್ದು ಕಾಣುವ ಅಲೆಗಳನ್ನು ಗುರುತಿಸುವುದು. ಒಂದು ತುಣುಕಿನ ಅಲೆಯನ್ನು ಮುಂದಿನದಕ್ಕೆ ಪೋಣಿಸುತ್ತ ಹೋಗುವುದು. ಇದು ವಿಶ್ಲೇಷಣೆ. ಅದೇ ಲೆಕ್ಕ ಹಿಡಿದು ದನಿಯನ್ನು ಮತ್ತೆ ಕಟ್ಟಿದರೆ ಸಂಶ್ಲೇಷಣೆ. ಕಟ್ಟುವಾಗ ಶ್ರುತಿ ಕೆಡದಂತೆ ಸ್ವರವನ್ನು ಎಳೆಯಬಹುದು, ವೇಗ ಬದಲಿಸದೆ ಶ್ರುತಿ ಏರಿಸಬಹುದು.

ಆದರೆ ಎಲ್ಲವೂ ಅಲೆಗಳಲ್ಲಿ ಸಿಗುವುದಿಲ್ಲ. ಕೊಳಲಿನ ಸ್ವರ ಸಿಗುತ್ತದೆ, ಊದಿದ ಉಸಿರು ಜಾರಿಹೋಗುತ್ತದೆ. 1990ರಲ್ಲಿ ಷವಿಯೆರ್ ಸೆರಾ ಮತ್ತು ಜೂಲಿಯಸ್ ಸ್ಮಿತ್ ಪ್ರಕಟಿಸಿದ ವಿಧಾನ ಇದನ್ನು ಒಪ್ಪಿಕೊಂಡೇ ಹೊರಡುತ್ತದೆ: ಮೂಲದಿಂದ ಅಲೆಗಳನ್ನು ಕಳೆದು, ಮಿಕ್ಕ ಶೇಷವನ್ನು ಗದ್ದಲವೆಂದು ಬೇರೆಯಾಗಿ ಲೆಕ್ಕ ಹಾಕುವುದು. ಅಜ್ಜಿಯ ಹಾಡಿನಿಂದ ಅಲೆಗಳನ್ನು ಕಳೆದಾಗ ನನಗೆ ಕೇಳಿದ್ದು ಬೀಸುಕಲ್ಲಿನ ಗರಗರ, ಎರಡು ಸಾಲುಗಳ ನಡುವೆ ಎಳೆದುಕೊಂಡ ಉಸಿರು, ಪಿಸುಮಾತಿನಂತೆ ಉಳಿದ ಸಕಾರಗಳು.

‘ಈ’, ‘ಆ’ಗಳನ್ನು ಅಲೆಗಳಿಂದ ತೆಗೆದೆ, ‘ಸ’ವನ್ನು ಶೇಷದಿಂದ ಹೆಕ್ಕಿದೆ. ಮೂರು ರಾತ್ರಿ ಹಿಡಿಯಿತು. ಕೊನೆಗೆ ಅಜ್ಜಿ ಕರೆದಳು: ಸೀನಾ. ಅದು ಸರಿಯಾಗಿ ಬಂದಿತ್ತು. ಸರಿಯಾಗಿ ಬಂದದ್ದಕ್ಕೇ ನನಗೆ ಭಯವಾಯಿತು.

ಇದರಲ್ಲಿ ತಪ್ಪೇನು? ಅಪ್ಪನಿಗೆ ಇದು ಕಟ್ಟಿದ್ದೆಂದು ಗೊತ್ತು, ಮೋಸವಿಲ್ಲ. ಸತ್ತವರ ಪಟಕ್ಕೆ ಬಣ್ಣ ತುಂಬಿಸಿ ಗೋಡೆಗೆ ಹಾಕುತ್ತೇವೆ. ಇದೂ ಹಾಗೇ ಎನ್ನಬಹುದು. ಆದರೆ ಪಟ ಅವರಿದ್ದ ಹಾಗೆ ಇರುತ್ತದೆ, ಹೊಸದಾಗಿ ಏನನ್ನೂ ಮಾಡುವುದಿಲ್ಲ. ಕರೆಯುವುದು ಒಂದು ಕೆಲಸ. ಅಜ್ಜಿ ಕರೆದಾಗಲೆಲ್ಲ ಅದರ ಹಿಂದೆ ಏನೋ ಇರುತ್ತಿತ್ತು: ಊಟಕ್ಕೆ ಹೊತ್ತಾಯಿತೆಂದೋ, ಹಸು ಹಗ್ಗ ಕಿತ್ತುಕೊಂಡಿತೆಂದೋ, ಸುಮ್ಮನೆ ಮಗ ಎಲ್ಲಿದ್ದಾನೆಂದೋ. ನಾನು ಕಟ್ಟಿದ ಕರೆಯಲ್ಲಿ ದನಿಯೆಲ್ಲ ಅವಳದು, ಕರೆಯುವ ಮನಸ್ಸು ಮಾತ್ರ ನನ್ನದು. ಅವಳು ಹೇಗೆ ಹಾಡಿದಳೆಂದು ಬಿಡಿಸಿ ನೋಡುವಾಗ ನಾನು ಕೇಳುಗ. ಅವಳು ಆಡದ ಮಾತನ್ನು ಕಟ್ಟುವಾಗ ಅವಳ ಬಾಯಿ ನನ್ನ ಕೈಯಲ್ಲಿದೆ, ಬೇಡವೆನ್ನಲು ಅವಳಿಲ್ಲ.

“ಆಗಲ್ಲಪ್ಪ, ಟೇಪು ಹಾಳಾಗಿದೆ” ಎಂದುಬಿಟ್ಟೆ.

ಬದಲಿಗೆ ಶೇಷವನ್ನಷ್ಟೇ ಕೇಳಿಸಿದೆ. ಅಪ್ಪ ಕಣ್ಣು ಮುಚ್ಚಿ, “ಇದು ನಮ್ಮನೆ ಬೀಸುಕಲ್ಲು. ಸುತ್ತಿಗೊಂದ್ಸಲ ಮುಕ್ಕರಿಯೋದು” ಎಂದರು. ಲೆಕ್ಕ ಗದ್ದಲವೆಂದು ಬದಿಗಿಟ್ಟದ್ದರಲ್ಲಿ ಅವರಿಗೆ ಇಡೀ ಅಡುಗೆಮನೆ ಸಿಕ್ಕಿತ್ತು.

ಆ ಕ್ಷಣ ನಾನು ಗೆದ್ದೆನೆಂದುಕೊಂಡೆ. ಈಗ ಹಾಗನ್ನಿಸುವುದಿಲ್ಲ. ಅಜ್ಜಿಯ ಬಾಯಲ್ಲಿ ಆಡದ ಮಾತು ಆಡಿಸಬಾರದೆಂದು ಹೊರಟವನು ಅಪ್ಪನಿಗೆ ಸುಳ್ಳು ಹೇಳಿದೆ. ಅವಳ ಪರವಾಗಿ ನಿರ್ಧರಿಸಬಾರದೆಂದವನು ಅವರ ಪರವಾಗಿ ನಿರ್ಧರಿಸಿಬಿಟ್ಟೆ. ಮಗನಿಗೆ ತಾಯಿಯ ಮೇಲಿರುವ ಹಕ್ಕು ಮೊಮ್ಮಗನಿಗಿಂತ ದೊಡ್ಡದಲ್ಲವೇ?

ಆ ಫೈಲನ್ನು ಅಳಿಸಿಲ್ಲ. ಈ ಸಲ ಊರಿಗೆ ಹೋದಾಗ ಅದು ಇದೆಯೆಂದು ಅಪ್ಪನಿಗೆ ಹೇಳಬೇಕು, ನನಗೇಕೆ ಬೇಡವೆನ್ನಿಸಿತೆಂದೂ ಹೇಳಬೇಕು. ಆಮೇಲೆ ಕೇಳುವುದೋ ಬಿಡುವುದೋ ಅವರಿಗೆ ಬಿಟ್ಟದ್ದು.