ಬಲದ ಅಳತೆ, ಕೈಯ ಅಳತೆ

10 ಎಂಎಂ ಆಟೊ ಎಂಬ ತೋಟಾ 1983ರಲ್ಲಿ ಅಮೆರಿಕದಲ್ಲಿ ಬ್ರೆನ್ ಟೆನ್ ಪಿಸ್ತೂಲಿನ ಜೊತೆ ಬಳಕೆಗೆ ಬಂತು. ಅದರ ಹಿಂದೆ ಪಿಸ್ತೂಲು ಶಿಕ್ಷಕ ಜೆಫ್ ಕೂಪರ್ ಅವರ ಒತ್ತಾಸೆಯಿತ್ತು; ತೋಟಾ ತಯಾರಿಸಿದ್ದು ಸ್ವೀಡನ್ನಿನ ನಾರ್ಮಾ ಕಂಪನಿ. ಸುಮಾರು 13 ಗ್ರಾಂ ತೂಕದ ಗುಂಡು ಸೆಕೆಂಡಿಗೆ 365 ಮೀಟರ್ ವೇಗದಲ್ಲಿ ಹೊರಡುತ್ತಿತ್ತು. ಅದರ ಶಕ್ತಿ 860 ಜೌಲ್‌ಗೂ ಹೆಚ್ಚು. ಹೆಚ್ಚಿನ ದೇಶಗಳ ಪೊಲೀಸರು ಬಳಸುವ 9 ಎಂಎಂ ತೋಟಾದ ಶಕ್ತಿ 500 ಜೌಲ್‌ನ ಆಸುಪಾಸಿನದು. ಬ್ರೆನ್ ಟೆನ್ ತಯಾರಿಸಿದ ಕಂಪನಿ 1986ರಲ್ಲೇ ದಿವಾಳಿಯಾದರೂ ಕೋಲ್ಟ್ ಕಂಪನಿಯ ಡೆಲ್ಟಾ ಎಲೀಟ್, ಆಮೇಲೆ ಗ್ಲಾಕ್ 20 ಬಂದು ತೋಟಾವನ್ನು ಉಳಿಸಿದವು. ಆದರೆ 9 ಎಂಎಂನಷ್ಟು ಅದು ಎಂದೂ ಹರಡಲಿಲ್ಲ.

ಇಂಥ ಪಿಸ್ತೂಲನ್ನು ಆರಿಸುವವನ ಮುಂದೆ ಬೆಲೆ, ತೂಕ, ಒದೆತಗಳ ಲೆಕ್ಕ ಇರುತ್ತದೆ. ಆ ಲೆಕ್ಕದ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಇದೆ: ಪ್ರಾಣ ಉಳಿಸಿಕೊಳ್ಳಲು ಮನುಷ್ಯ ಎಷ್ಟು ಬಲ ಬಳಸಬಹುದು? ಬೇಕಾದದ್ದಕ್ಕಿಂತ ಹೆಚ್ಚಿನ ಬಲವನ್ನು ಕೈಯಲ್ಲಿ ಹಿಡಿಯುವುದೇ ತಪ್ಪೇ, ಅಥವಾ ತಪ್ಪು ಇರುವುದು ಬಳಕೆಯಲ್ಲಿ ಮಾತ್ರವೇ?

13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಇದನ್ನು ನೇರವಾಗಿ ಎತ್ತಿಕೊಂಡವರು. ಒಂದೇ ಕ್ರಿಯೆಗೆ ಎರಡು ಫಲ ಇರಬಹುದು. ತನ್ನ ಪ್ರಾಣ ಉಳಿಯುವುದು ಒಂದು, ಎರಗಿದವನು ಸಾಯುವುದು ಇನ್ನೊಂದು. ಮೊದಲನೆಯದನ್ನು ಬಯಸಿ ಮಾಡಿದರೆ ಕ್ರಿಯೆ ಪಾಪವಲ್ಲ. ಆದರೆ ಅಗತ್ಯ ಮೀರಿ ಬಲ ಬಳಸಿದರೆ, ಉದ್ದೇಶ ಎಷ್ಟೇ ಒಳ್ಳೆಯದಾದರೂ ಅದು ಅಧರ್ಮ. ಭಾರತದ ಕಾನೂನು ಇದೇ ದಾರಿಯಲ್ಲಿ ನಡೆಯುತ್ತದೆ: ಆತ್ಮರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲವೆಂದು ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಂ ಹೇಳುತ್ತದೆ.

ಜೈನ ಚಿಂತನೆ ಇನ್ನೂ ಬಿಗಿಯಾದದ್ದು, ಆದರೂ ಗೃಹಸ್ಥನ ಬಾಳನ್ನು ಅದು ಮರೆತಿಲ್ಲ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಅದು ನಾಲ್ಕಾಗಿ ವಿಂಗಡಿಸುತ್ತದೆ. ಮುನಿಗೆ ನಾಲ್ಕೂ ವರ್ಜ್ಯ. ಶ್ರಾವಕನು ಖಂಡಿತವಾಗಿ ಬಿಡಬೇಕಾದದ್ದು ಸಂಕಲ್ಪೀ ಹಿಂಸೆ, ಅಂದರೆ ಕೊಲ್ಲಬೇಕೆಂದೇ ಕೊಲ್ಲುವುದು. ಎರಗಿ ಬಂದವರನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆ ಅವನಿಗೆ ಅನಿವಾರ್ಯವಾಗಬಹುದು. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೇ ಗಂಗರ ಸೇನಾಪತಿಯಾಗಿದ್ದನೆಂಬುದನ್ನು ಇಲ್ಲಿ ನೆನೆಯಬೇಕು. ಈ ವಿಂಗಡಣೆಯ ಕಣ್ಣಿನಿಂದ ನೋಡಿದರೆ ಆಯುಧದ ಗಾತ್ರಕ್ಕಿಂತ ಅದನ್ನು ಕೊಳ್ಳುವ ಹೊತ್ತಿನ ಮನಸ್ಸು ಮುಖ್ಯ. ಯಾರೂ ಎರಗದಿರಲಿ ಎಂದುಕೊಂಡು ಕೊಂಡದ್ದು ಬೇರೆ, ಯಾರಾದರೂ ಎರಗಲಿ ಎಂದು ಕಾಯುತ್ತಾ ಕೊಂಡದ್ದು ಬೇರೆ.

ಹಾಗೆಂದು ಉದ್ದೇಶ ಶುದ್ಧವಾದರೆ ಸಾಲದು. ಇದಕ್ಕೆ ಈ ತೋಟಾದ ಚರಿತ್ರೆಯೇ ಸಾಕ್ಷಿ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರೊಂದಿಗೆ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಅಧಿಕಾರಿಗಳು ಸತ್ತರು, ಐವರು ಗಾಯಗೊಂಡರು. ದರೋಡೆಕೋರರಲ್ಲಿ ಒಬ್ಬನಿಗೆ ತಗುಲಿದ 9 ಎಂಎಂ ಗುಂಡು ಹೃದಯ ಮುಟ್ಟುವ ಮೊದಲೇ ನಿಂತಿತು. ಅವನು ಗುಂಡು ಹಾರಿಸುತ್ತಲೇ ಹೋದ. ಬಲ ಸಾಲಲಿಲ್ಲವೆಂದು ಸಂಸ್ಥೆ 10 ಎಂಎಂ ಕಡೆ ತಿರುಗಿತು. ಆದರೆ ಪೂರ್ತಿ ಬಲದ ತೋಟಾದ ಒದೆತ ಅತಿಯಾಯಿತೆಂದು ಬಲ ಕುಗ್ಗಿಸಿದ ತೋಟಾವನ್ನು ಆರಿಸಿಕೊಂಡಿತು. ಅದರ ಶಕ್ತಿ 490 ಜೌಲ್‌ನಷ್ಟು, ಅಂದರೆ ಹೆಚ್ಚು ಕಡಿಮೆ 9 ಎಂಎಂನಷ್ಟೇ. ಅಷ್ಟೇ ಬಲಕ್ಕೆ ಅಷ್ಟು ಉದ್ದದ ತೋಟಾ ಬೇಡವೆಂದು 1990ರಲ್ಲಿ ಅದರ ಗಿಡ್ಡ ರೂಪವಾದ .40 ಎಸ್ ಆಂಡ್ ಡಬ್ಲ್ಯೂ ಹುಟ್ಟಿತು. 2014ರ ಹೊತ್ತಿಗೆ ಎಫ್‌ಬಿಐನ ತರಬೇತಿ ವಿಭಾಗ ಮತ್ತೆ 9 ಎಂಎಂ ಪರ ವಾದಿಸಿತು. ಗುಂಡುಗಳು ಸುಧಾರಿಸಿದ್ದವು, ಮತ್ತು ಒದೆತ ಕಡಿಮೆಯಿದ್ದಾಗ ಹೆಚ್ಚಿನವರ ಗುರಿ ಚೆನ್ನಾಗಿರುತ್ತಿತ್ತು. ತಜ್ಞರಿಗೆ ಇದು ತಂತ್ರಜ್ಞಾನದ ಪ್ರಶ್ನೆ; ನೀತಿಯ ಪಾಲಿಗೆ ಇದು ಅಧಿಕಾರದ ಪ್ರಶ್ನೆ. ಗುರಿ ಇಟ್ಟಲ್ಲಿಗೆ ಕಳಿಸಲಾಗದ ಬಲ ಹಿಡಿದವನದಲ್ಲ.

ಮಹಾಭಾರತ ಈ ಮಾತನ್ನು ಅಸ್ತ್ರಗಳ ಮೂಲಕ ಯೋಚಿಸಿದೆ. ಪಾಶುಪತವನ್ನು ಅರ್ಜುನನಿಗೆ ಕೊಡುವಾಗ ಶಿವ, ಅಲ್ಪಬಲದವನ ಮೇಲೆ ಬಿಟ್ಟರೆ ಅದು ಲೋಕವನ್ನೇ ಸುಡಬಹುದೆಂದು ಎಚ್ಚರಿಸುತ್ತಾನೆ. ಎದುರಾಳಿಗೆ ತಕ್ಕ ಬಲ ಎಂಬ ವಿಚಾರ ಇಲ್ಲಿ ಶರತ್ತಾಗಿಯೇ ಬಂದಿದೆ. ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮ ಬ್ರಹ್ಮಶಿರವನ್ನು ಬಿಡುತ್ತಾನೆ, ಅರ್ಜುನನೂ ಬಿಡುತ್ತಾನೆ. ವ್ಯಾಸ, ನಾರದರು ನಡುವೆ ನಿಂತಾಗ ಅರ್ಜುನ ತನ್ನದನ್ನು ಹಿಂದೆಗೆಯುತ್ತಾನೆ. ಅಶ್ವತ್ಥಾಮನಿಗೆ ಅದು ಸಾಧ್ಯವಾಗುವುದಿಲ್ಲ. ಅಸ್ತ್ರ ಉತ್ತರೆಯ ಗರ್ಭದತ್ತ ತಿರುಗುತ್ತದೆ. ಇಬ್ಬರ ಗುರು ಒಬ್ಬನೇ, ಅಸ್ತ್ರವೂ ಒಂದೇ. ಬೇರೆಯಾದದ್ದು ವ್ರತ, ಸಂಯಮ. ಪೆಟ್ಟು ಬಿದ್ದದ್ದು ಕಾಳಗಕ್ಕೇ ಸೇರದ ಶಿಶುವಿನ ಮೇಲೆ.

ಪಿಸ್ತೂಲಿನ ಗುಂಡನ್ನು ಯಾರೂ ಹಿಂದೆಗೆಯಲಾರರು. ಹಾಗಾಗಿ ಅರ್ಜುನನ ಸಂಯಮವನ್ನೆಲ್ಲ ಗುಂಡು ಹಾರುವ ಮುಂಚೆಯೇ ಸಂಪಾದಿಸಬೇಕು. ಅಪರೂಪದ ಕ್ಯಾಲಿಬರಿನ ಕಷ್ಟ ಇಲ್ಲೇ ಇದೆ. ತೋಟಾ ದುಬಾರಿಯಾದಾಗ ಅಭ್ಯಾಸ ಕಡಿಮೆಯಾಗುತ್ತದೆ. ಒದೆತ ಜೋರಾದಾಗ ಕಣ್ಣು ತಾನಾಗಿ ಮುಚ್ಚುತ್ತದೆ, ಎರಡನೆಯ ಗುಂಡು ಎಲ್ಲೋ ಹೋಗುತ್ತದೆ. ಅಮೆರಿಕದ ಮನೆಗಳ ಒಳಗೋಡೆ ಬಹುಪಾಲು ತೆಳು ಜಿಪ್ಸಮ್ ಹಲಗೆಯದು. ತಪ್ಪಿದ ಗುಂಡಿಗೆ ಅದು ಅಡ್ಡಿಯೇ ಅಲ್ಲ, ಮತ್ತು ಅದರಾಚೆ ಮಲಗಿರುವವರು ಯಾರ ಮೇಲೂ ಎರಗಿದವರಲ್ಲ. ಅಕ್ವಿನಾಸರ ಎರಡು ಫಲಗಳ ಲೆಕ್ಕದಲ್ಲಿ ಈ ಮೂರನೆಯವರ ಹೆಸರಿಲ್ಲ. ವ್ಯಾಸರ ಕತೆಯಲ್ಲಿ ಇದೆ.

ಇದರರ್ಥ ಬಲವಾದ ತೋಟಾ ಎಲ್ಲೆಡೆಯೂ ಅಧರ್ಮ ಎಂದಲ್ಲ. ಈಶಾನ್ಯ ಗ್ರೀನ್‌ಲ್ಯಾಂಡಿನಲ್ಲಿ ನಾಯಿಗಾಡಿಗಳ ಮೇಲೆ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ದಳ ಹಿಮಕರಡಿಗಳಿಂದ ಉಳಿಯಲು ಗ್ಲಾಕ್ 20 ಒಯ್ಯುತ್ತದೆ. ಅಲ್ಲಿ 9 ಎಂಎಂ ಗುಂಡು ಕರಡಿಯನ್ನು ನಿಲ್ಲಿಸದೆ ನರಳಿಸಬಹುದು, ಹಿಡಿದವನನ್ನೂ ಉಳಿಸದಿರಬಹುದು. ಕಡಿಮೆ ಬಲವೇ ಅಲ್ಲಿ ಹೆಚ್ಚು ಹಿಂಸೆ. ಗುಂಡು ಗುರಿ ತಪ್ಪಿದರೆ ಬೀಳುವುದು ಹಿಮದ ಮೇಲೆ. ಅಲ್ಲಿ ಸಲ್ಲುವ ಈ ಪಿಸ್ತೂಲು, ಅಭ್ಯಾಸವಿಲ್ಲದ ಕೈಯಲ್ಲಿ, ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ ಸಲ್ಲದು.