ಕಡಿಮೆ ಖರ್ಚಿನ ಬಾಗಿಲು ಬೇಗ ಮುಚ್ಚುತ್ತದೆ

ಪದವಿಯ ಕೊನೆಯ ವರ್ಷದಲ್ಲಿರುವ ಮಗನನ್ನೋ ಮಗಳನ್ನೋ ನೆಂಟರು ‘ಮುಂದೇನು?’ ಎಂದು ಕೇಳಿದರೆ, ‘ರಿಸಲ್ಟ್ ಬರಲಿ, ನೋಡೋಣ’ ಎಂಬ ಉತ್ತರ ಸಾಮಾನ್ಯ. ಕೇಳಲು ವಿನಯದ ಮಾತು. ಆದರೆ ಸ್ನಾತಕೋತ್ತರ ಓದಿನ ಮಟ್ಟಿಗೆ ಆ ‘ನೋಡೋಣ’ ಮನೆಗೆ ಲಕ್ಷಗಟ್ಟಲೆ ಹೊರೆಯಾಗಬಲ್ಲದು. ಕಡಿಮೆ ಖರ್ಚಿನ ಬಾಗಿಲುಗಳು ಮೊದಲು ಮುಚ್ಚುತ್ತವೆ. ದುಬಾರಿಯವು ಕಡೇತನಕ ತೆರೆದಿರುತ್ತವೆ.

ಎಂ.ಟೆಕ್‌ಗೆ ಗೇಟ್, ಎಂ.ಎಸ್ಸಿಗೆ ಜಾಮ್. ಎರಡೂ ಪರೀಕ್ಷೆಗಳು ನಡೆಯುವುದು ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಅರ್ಜಿ ಹಾಕುವ ಅವಧಿ ಅದರ ಹಿಂದಿನ ಸೆಪ್ಟೆಂಬರ್ ಆಸುಪಾಸಿನಲ್ಲಿ. ಗೇಟ್ ಅರ್ಹತೆಯೊಂದಿಗೆ ಐಐಟಿ, ಎನ್‌ಐಟಿಗಳಲ್ಲಿ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತ ಬಂದಿದೆ. ಬಿ.ಇ. ಮೂರನೇ ವರ್ಷದಲ್ಲೇ ಈ ಪರೀಕ್ಷೆ ಬರೆಯಬಹುದು, ಅಂಕ ಮೂರು ವರ್ಷ ಊರ್ಜಿತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಗಳಲ್ಲಿ ಬಿ.ಎಸ್ಸಿ ಮುಗಿಸಿದವರು ಜಾಮ್ ಮೂಲಕ ಸಮಗ್ರ ಪಿಎಚ್.ಡಿ. ಸೇರಬಹುದು, ಅಲ್ಲೂ ವಿದ್ಯಾರ್ಥಿವೇತನವಿದೆ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನ ಎಷ್ಟೋ ಮಕ್ಕಳ ಕಿವಿಗೆ ಈ ಸುದ್ದಿ ಬೀಳುವ ಹೊತ್ತಿಗೆ ಅರ್ಜಿಯ ದಿನ ಕಳೆದಿರುತ್ತದೆ.

ಹೊರದೇಶದ ಓದಿಗೂ ಇದೇ ಮಾತು. ಅಮೆರಿಕದಲ್ಲಿ ಎಂ.ಎಸ್. ಓದುವವರಲ್ಲಿ ಹೆಚ್ಚಿನವರು ಸ್ವಂತ ಹಣ ಸುರಿಯುತ್ತಾರೆ. ವಿಜ್ಞಾನ, ಎಂಜಿನಿಯರಿಂಗ್‌ನಲ್ಲಿ ಪಿಎಚ್.ಡಿ.ಗೆ ಸೇರಿದವರಿಗೆ ಸಾಮಾನ್ಯವಾಗಿ ಬೋಧನಾ ಶುಲ್ಕ ಮನ್ನಾ ಆಗಿ, ಪಾಠ ಹೇಳಿಯೋ ಪ್ರಯೋಗಾಲಯದಲ್ಲಿ ದುಡಿದೋ ಸಂಬಳ ಬರುತ್ತದೆ. ಆ ಅರ್ಜಿಗಳ ಗಡುವು ಬಹುಪಾಲು ಡಿಸೆಂಬರ್. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೂ ವೀಸಾಕ್ಕಾಗಿ ಒಂದು ವರ್ಷದ ಊಟ-ವಸತಿಯ ಹಣವನ್ನು ಖಾತೆಯಲ್ಲಿ ಮುಂಗಡ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೊ. ಪುಕ್ಕಟೆ ಎಂದು ನಂಬಿ ಹೊರಟ ಮನೆಯವರು ಎಡವುವುದು ಇಲ್ಲೇ.

ಗಡುವುಗಳೆಲ್ಲ ಕಳೆದ ಮೇಲೆ ಉಳಿಯುವುದು ಸಾಲದ ದಾರಿ. ಶೇ 10ರ ಬಡ್ಡಿಗೆ 30 ಲಕ್ಷ ಸಾಲ ಎಂದಿಟ್ಟುಕೊಳ್ಳೋಣ. ಓದುವ ಎರಡು ವರ್ಷ, ಆಮೇಲೆ ಒಂದು ವರ್ಷ ಕಂತಿಲ್ಲ ಎಂದು ಬ್ಯಾಂಕಿನವರು ಹೇಳುತ್ತಾರೆ. ಕಂತಿಲ್ಲ ನಿಜ, ಬಡ್ಡಿ ನಿಲ್ಲುವುದಿಲ್ಲ. ಮೊದಲ ದಿನವೇ ಪೂರ್ತಿ ಹಣ ಪಡೆದಿದ್ದರೆ ಸರಳ ಬಡ್ಡಿಯೇ 9 ಲಕ್ಷ. ಆ 39 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 51,500 ರೂಪಾಯಿ. ಕೆಲಸ ಸಿಗುವುದು ತಡವಾದರೆ ಬ್ಯಾಂಕು ಸಹಸಾಲಗಾರನಾದ ಅಪ್ಪನನ್ನು ಕೇಳುತ್ತದೆ. ಅಷ್ಟರಲ್ಲಿ ಅವರು ನಿವೃತ್ತರೂ ಆಗಿರಬಹುದು.

ಸಾಲವೇ ಬೇಡವೆಂದಲ್ಲ. ಬೇರೆ ದಾರಿಗಳನ್ನು ಅಳೆದು ನೋಡಿ, ಇದೇ ಸರಿ ಎಂದು ತೆಗೆದುಕೊಂಡ ಸಾಲವನ್ನು ದುಡಿದು ತೀರಿಸಬಹುದು. ಹಾಗೆಯೇ, ವಿದ್ಯಾರ್ಥಿವೇತನದ ಆಸೆಗೆ ಯಾರೂ ಪಿಎಚ್.ಡಿ.ಗೆ ಇಳಿಯಬಾರದು, ಐದಾರು ವರ್ಷದ ಸಂಶೋಧನೆಗೆ ಒಳಗಿನ ಒಲವು ಬೇಕು. ಈ ಓದು ಯಾವ ಕೆಲಸಕ್ಕೆ ದಾರಿ, ಅದಕ್ಕೆ ಹಣ ಯಾರು ಕೊಡುತ್ತಾರೆ, ಅರ್ಜಿಗೆ ಕೊನೆಯ ದಿನ ಯಾವುದು? ಈ ಮೂರು ಪ್ರಶ್ನೆಗಳನ್ನು ಪದವಿ ಮುಗಿಯಲು ಒಂದೂವರೆ ವರ್ಷ ಇರುವಾಗಲೇ ಕೇಳಿದವರಿಗೆ ಆಯ್ಕೆಗಳಿರುತ್ತವೆ.

ಇದರಲ್ಲಿ ಅಧ್ಯಾಪಕರ ಪಾಲು ದೊಡ್ಡದು. ಮನೆಯಲ್ಲಿ ಮೊದಲ ಬಾರಿಗೆ ಪದವಿ ಕಾಣುತ್ತಿರುವ ಮಕ್ಕಳಿಗೆ ಈ ದಿನಾಂಕಗಳನ್ನು ಹೇಳಲು ಅಪ್ಪ-ಅಮ್ಮನಿಗೆ ಗೊತ್ತಿರುವುದಿಲ್ಲ. ಪ್ರತಿ ವರ್ಷ ಆಗಸ್ಟ್‌ನಲ್ಲಿ ಪಾಠದ ಒಂದು ಗಂಟೆಯನ್ನು ಇದಕ್ಕೆಂದೇ ಮೀಸಲಿಟ್ಟು, ಈ ಪರೀಕ್ಷೆಗಳ ಹೆಸರನ್ನೂ ಗಡುವನ್ನೂ ಬೋರ್ಡಿನ ಮೇಲೆ ಬರೆದರೆ ಸಾಕು, ಕೆಲವು ಮನೆಗಳಾದರೂ ಸಾಲದಿಂದ ಉಳಿದುಕೊಳ್ಳುತ್ತವೆ.